ಮಗುವಿಗೆ ಕೆಮ್ಮೇ? ಸಿರಪ್ ತರುವ ಮೊದಲು ಇದನ್ನು ಕೇಳಿ

ಪುಟ್ಟ ಮಗುವಿಗೆ ಕೆಮ್ಮು, ನೆಗಡಿ. ಮೆಡಿಕಲ್ ಶಾಪಿಗೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಎಳೆ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. 2 ವರ್ಷದೊಳಗಿನವರಿಗೆ ಕೆಮ್ಮು, ನೆಗಡಿಯ ಔಷಧಿ ಬೇಡವೇ ಬೇಡ ಎಂದಿದೆ ಕೇಂದ್ರ ಆರೋಗ್ಯ ಇಲಾಖೆ.

ನೆಗಡಿ ಹೆಚ್ಚಾಗಿ ವೈರಸ್‌ನಿಂದ ಬರುತ್ತೆ, ತಾನಾಗೇ ಹೋಗುತ್ತೆ. ಮೂಗು ಕಟ್ಟಿದರೆ ಸಲೈನ್ ಡ್ರಾಪ್ಸ್. ಎಳೆಗೂಸಿಗೆ ಎದೆಹಾಲು, ದೊಡ್ಡದಕ್ಕೆ ಬೆಚ್ಚಗಿನ ಗಂಜಿ, ತಿಳಿಸಾರು. ವರ್ಷ ತುಂಬಿದ ಮಗುವಿಗೆ ಅರ್ಧ ಚಮಚ ಜೇನುತುಪ್ಪ ಕೆಮ್ಮು ತಗ್ಗಿಸುತ್ತೆ. ವರ್ಷ ತುಂಬದ ಕೂಸಿಗೆ ಮಾತ್ರ ಶಾಸ್ತ್ರಕ್ಕೂ ನೆಕ್ಕಿಸಬೇಡಿ, ಬಾಟ್ಯುಲಿಸಂ ಎಂಬ ಅಪಾಯವಿದೆ. ಕರ್ಪೂರವಂತೂ ಹತ್ತಿರ ತರಲೇಬೇಡಿ, ಫಿಟ್ಸ್ ಬರಬಹುದು.

ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದೆಯೇ? ವರ್ಷ ದಾಟಿದ ಮಗು ಸುಮ್ಮನಿದ್ದಾಗಲೂ ನಿಮಿಷಕ್ಕೆ 40 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡುತ್ತಿದೆಯೇ? ಮನೆಮದ್ದು ಬಿಟ್ಟು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.