ಹೊಟ್ಟೆಗೊಂದು ಪುಟ್ಟ ಕಿಂಡಿ

ನಮ್ಮ ಉದ್ಯಾವರದ ಕಡೆ ದಾರಿಯಲ್ಲಿ ಯಾರೇ ಎದುರಾಗಲಿ, ಮೊದಲು ಕೇಳುವುದು 'ಒಣಸ್ ಆಂಡಾ?' ಎಂದು. ತುಳುವಿನಲ್ಲಿ 'ಊಟ ಆಯಿತಾ' ಎಂದರ್ಥ. ಉಂಡಿದ್ದಾರೆ ಎಂದರೆ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದೇ ಲೆಕ್ಕ. ಹಾಗಿರುವಾಗ ಮನೆಯ ಹಿರಿಯರಿಗೆ ಬಾಯಿಂದ ಉಣ್ಣಲಿಕ್ಕೇ ಆಗದಿದ್ದರೆ?

ನಮ್ಮ ದೊಡ್ಡಪ್ಪನಿಗೆ ಕಳೆದ ವರ್ಷ ಪಾರ್ಶ್ವವಾಯು ಬಡಿಯಿತು. ಕೈಕಾಲು ಮೆಲ್ಲಗೆ ಚೇತರಿಸಿಕೊಂಡವು. ನುಂಗುವುದು ಮಾತ್ರ ಆಗಲಿಲ್ಲ. ಒಂದು ಗುಟುಕು ನೀರಿಗೂ ಕೆಮ್ಮು. ಮಕ್ಕಳೇ, ನಮ್ಮ ಗಂಟಲಿನಲ್ಲಿ ಎರಡು ದಾರಿಗಳಿವೆ: ಒಂದು ಗಾಳಿಗೆ, ಇನ್ನೊಂದು ಅನ್ನಕ್ಕೆ. ನುಂಗುವಾಗ ಗಾಳಿಯ ದಾರಿಯನ್ನು ಒಂದು ಪುಟ್ಟ ಮುಚ್ಚಳ ಮುಚ್ಚುತ್ತದೆ. ಇದಕ್ಕೆಲ್ಲ ಆಜ್ಞೆ ಕೊಡುವುದು ಮೆದುಳು. ಅಲ್ಲಿ ಏಟು ಬಿದ್ದರೆ ಗಂಜಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಮೊದಲು ಮೂಗಿನಿಂದ ಹೊಟ್ಟೆಯವರೆಗೆ ಸಪೂರ ಪೈಪ್ ಹಾಕಿದರು. ಕೆಲವು ವಾರಗಳ ಮಟ್ಟಿಗೆ ಅದು ಒಳ್ಳೆಯ ಉಪಾಯ. ಆದರೆ ಮೂಗು, ಗಂಟಲು ಉರಿಯುತ್ತದೆ. ದೊಡ್ಡಪ್ಪ ನಿದ್ದೆಗಣ್ಣಿನಲ್ಲಿ ಮೂರು ಸಲ ಕಿತ್ತು ಹಾಕಿದರು. ತಿಂಗಳು ಕಳೆದ ಮೇಲೆ ಮಣಿಪಾಲದ ವೈದ್ಯರು, 'ಇನ್ನು ಪೆಗ್ ಹಾಕುವ' ಎಂದರು. ದೊಡ್ಡಮ್ಮನ ಮುಖ ಗಂಟಿಕ್ಕಿತು. ಪೆಗ್ ಎಂದರೆ ಅವರಿಗೆ ಗೊತ್ತಿದ್ದದ್ದು ಬೇರೆಯೇ! ಇದು ಹೊಟ್ಟೆಯ ಚರ್ಮದ ಮೂಲಕ ನೇರ ಜಠರಕ್ಕೆ ಇಡುವ ನಳಿಕೆ ಎಂದು ತಿಳಿದ ಮೇಲೆ ಗಾಬರಿ ಇನ್ನೂ ಹೆಚ್ಚಾಯಿತು. 'ಹೊಟ್ಟೆಗೆ ತೂತು ಮಾಡಿದರೆ ಮನುಷ್ಯ ಬದುಕುವುದುಂಟಾ?'

ಬದುಕುವುದುಂಟು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗಲಿತು. ಗಾಯ ಮಾಗಿದರೂ ಜಠರಕ್ಕೆ ಹೋಗುವ ತೂತು ಮುಚ್ಚಲೇ ಇಲ್ಲ. ಅವನಿಗೆ ಚಿಕಿತ್ಸೆ ಕೊಟ್ಟ ವೈದ್ಯ ವಿಲಿಯಂ ಬೋಮಾಂಟ್ ರೇಷ್ಮೆ ದಾರಕ್ಕೆ ಆಹಾರದ ಚೂರು ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಅದು ಹೇಗೆ ಜೀರ್ಣವಾಗುತ್ತದೆ ಎಂದು ನೋಡಿದ. ಪಾಪದ ಯುವಕನನ್ನು ವರ್ಷಗಟ್ಟಲೆ ಹೀಗೆ ಪ್ರಯೋಗಕ್ಕೆ ಕೂರಿಸಿದ್ದು ನನಗಂತೂ ಸರಿ ಕಾಣುವುದಿಲ್ಲ. ಆದರೆ ಸೇಂಟ್ ಮಾರ್ಟಿನ್ ಮದುವೆಯಾಗಿ, ಮಕ್ಕಳನ್ನು ಪಡೆದು, 1880ರವರೆಗೆ ಬದುಕಿದ.

ಆ ಬಳಿಕ ವೈದ್ಯರೇ ಇಂಥ ದಾರಿ ಮಾಡತೊಡಗಿದರು. ಆದರೆ ಅದಕ್ಕೆ ಹೊಟ್ಟೆ ಕೊಯ್ಯಬೇಕಿತ್ತು. ಕೊಯ್ಯದೆ ಮಾಡುವ ಯುಕ್ತಿಯನ್ನು ಕಂಡುಹಿಡಿದವರು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಮೈಕೆಲ್ ಗೌಡೆರರ್ ಮತ್ತು ಜೆಫ್ರಿ ಪಾನ್ಸ್‌ಕಿ. 1979ರ ಜೂನ್ 12ರಂದು ಮೊದಲ ಬಾರಿಗೆ ಅವರು ಇದನ್ನು ಮಾಡಿದ್ದು ಯಾರಿಗೆ ಗೊತ್ತೇ? ನಾಲ್ಕೂವರೆ ತಿಂಗಳ ಒಂದು ಮಗುವಿಗೆ!

ಯುಕ್ತಿ ಇರುವುದು ಬೆಳಕಿನಲ್ಲಿ. ರೋಗಿಗೆ ಮಂಪರಿನ ಔಷಧಿ ಕೊಟ್ಟು, ತುದಿಯಲ್ಲಿ ದೀಪವೂ ಕ್ಯಾಮೆರಾವೂ ಇರುವ ಎಂಡೋಸ್ಕೋಪನ್ನು ಬಾಯಿಂದ ಜಠರಕ್ಕೆ ಇಳಿಸುತ್ತಾರೆ. ಕೋಣೆಯ ಬೆಳಕು ಕಡಿಮೆ ಮಾಡಿದರೆ ಹೊಟ್ಟೆಯ ಚರ್ಮದ ಮೇಲೆ ಕೆಂಪಗೆ ಹೊಳಪು ಕಾಣುತ್ತದೆ. ಅಂಗೈಯ ಹಿಂದೆ ಟಾರ್ಚ್ ಹಿಡಿದು ನೋಡಿದ್ದೀರಲ್ಲ, ಹಾಗೆಯೇ. ಅಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸೂಜಿಯ ಮೂಲಕ ಒಂದು ದಾರವನ್ನು ಒಳಗೆ ಬಿಡುತ್ತಾರೆ. ಒಳಗಿನ ಎಂಡೋಸ್ಕೋಪ್ ಅದನ್ನು ಹಿಡಿದು ಬಾಯಿಂದ ಹೊರಗೆ ತರುತ್ತದೆ. ದಾರಕ್ಕೆ ನಳಿಕೆ ಕಟ್ಟಿ ಹೊಟ್ಟೆಯ ಕಡೆಯಿಂದ ಎಳೆದರೆ ನಳಿಕೆ ಗಂಟಲಿಳಿದು, ಚರ್ಮದಿಂದ ಹೊರಗೆ ತಲೆ ಹಾಕುತ್ತದೆ. ಒಳತುದಿಯಲ್ಲಿ ಬಿಲ್ಲೆಯಂಥದ್ದೊಂದು ಇರುವುದರಿಂದ ಕಳಚಿ ಬರುವುದಿಲ್ಲ. ದೊಡ್ಡಪ್ಪನಿಗೆ ಅರ್ಧ ಗಂಟೆಯೊಳಗೆ ಮುಗಿಯಿತು.

'ಅಜ್ಜ ಬಗ್ಗಿದರೆ ಗಂಜಿ ಚೆಲ್ಲುವುದಿಲ್ಲವಾ?' ಎಂದಳು ಆರನೇ ಕ್ಲಾಸಿನ ಮೊಮ್ಮಗಳು. ಇಲ್ಲ, ನಳಿಕೆಗೆ ಮುಚ್ಚಳವಿದೆ. ಕನಕನ ಕಿಂಡಿ ಕಂಡ ಉಡುಪಿಯ ಹುಡುಗಿ ಅದಕ್ಕೆ 'ಅಜ್ಜನ ಕಿಂಡಿ' ಎಂದು ಹೆಸರಿಟ್ಟಳು.

ಮನೆಯ ಕೆಲಸವೂ ಇದೆ. ಕುಚ್ಚಲಕ್ಕಿ ಗಂಜಿಯನ್ನು ಹಾಗೆಯೇ ಹಾಕಿದರೆ ನಳಿಕೆ ಕಟ್ಟಿಕೊಳ್ಳುತ್ತದೆ. ನುಣ್ಣಗೆ ಅರೆದು ಸೋಸಿದ್ದು, ಆಹಾರತಜ್ಞರು ಹೇಳಿದ ಅಳತೆಯಲ್ಲೇ ಆಗಬೇಕು. ಊಟದ ಮೊದಲೂ ಆಮೇಲೂ ನಳಿಕೆಯಲ್ಲಿ ನೀರು ಹಾಯಿಸಬೇಕು. ಆಗ ರೋಗಿ ಬೆನ್ನು ಎತ್ತರಿಸಿ ಕೂತಿರಬೇಕು, ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ. ಬಾಯಿಂದ ಉಣ್ಣದಿದ್ದರೂ ದಿನಾ ಬಾಯಿ, ಹಲ್ಲು ತೊಳೆಯಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ನಳಿಕೆ ಅಕಸ್ಮಾತ್ ಕಿತ್ತು ಬಂದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ದಾರಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು. ಹಾಕಿದ ಹೊಸತರಲ್ಲಾದರೆ ಅಪಾಯ ಇನ್ನೂ ದೊಡ್ಡದು.

ಅಜ್ಜ ಅಜ್ಜಿಯಂದಿರಿಗೆ ಒಂದು ಮಾತು. ಇದು ಎಲ್ಲರಿಗೂ ಹೊಂದುವುದಿಲ್ಲ. ಮರೆವಿನ ಕಾಯಿಲೆ ತೀರಾ ಮುಂದುವರಿದವರಿಗೆ ಇದರಿಂದ ಆಯುಷ್ಯವಾಗಲಿ ಸುಖವಾಗಲಿ ಹೆಚ್ಚುವುದು ಕಂಡುಬಂದಿಲ್ಲ. ಅಂಥವರಿಗೆ ಪ್ರೀತಿಯಿಂದ ಕೈಯಾರೆ ತುತ್ತು ಕೊಡುವುದೇ ಮೇಲು ಎನ್ನುತ್ತಾರೆ ವೈದ್ಯರು. 'ನನಗೆ ಹಾಗಾದರೆ ಏನು ಮಾಡಬೇಕು' ಎಂಬುದನ್ನು ಮಾತು ಸ್ಪಷ್ಟವಾಗಿರುವಾಗಲೇ ಮಕ್ಕಳಿಗೆ ಹೇಳಿಡಿ.

ದೊಡ್ಡಪ್ಪನನ್ನು ಊಟದ ಹೊತ್ತಿಗೆ ಒಳಕೋಣೆಯಲ್ಲೇ ಬಿಡಬೇಕೆಂದಿದ್ದರು ದೊಡ್ಡಮ್ಮ. ಮಟ್ಟುಗುಳ್ಳದ ಹುಳಿಯ ಪರಿಮಳ ಬಂದರೆ ಅವರಿಗೆ ಸಂಕಟವಾಗುತ್ತದಲ್ಲ ಎಂದು. ಮೊಮ್ಮಗಳು ಕೇಳಲಿಲ್ಲ, ಕುರ್ಚಿಯನ್ನು ಮೇಜಿನ ಹತ್ತಿರವೇ ಎಳೆದಳು. ಈಗ ಎಲ್ಲರ ಜೊತೆಗೇ ಅವರ ಊಟ. ನುಂಗಲು ಕಲಿಸುವ ಥೆರಪಿಸ್ಟ್ ವಾರಕ್ಕೊಮ್ಮೆ ಬರುತ್ತಾರೆ. ನುಂಗುವುದು ಪೂರ್ತಿ ಮರಳಿದರೆ ನಳಿಕೆ ತೆಗೆಯಬಹುದು, ಕಿಂಡಿ ತಾನಾಗಿ ಮುಚ್ಚಿಕೊಳ್ಳುತ್ತದಂತೆ. ಕಳೆದ ಮಂಗಳವಾರ ಅವರೆದುರು ದೊಡ್ಡಪ್ಪ ಎರಡು ಚಮಚ ದಪ್ಪ ರಾಗಿ ಮಣ್ಣಿಯನ್ನು ಕೆಮ್ಮದೆ ನುಂಗಿದರು. ಮೂರನೆಯದಕ್ಕೂ ಬಾಯಿ ತೆರೆದರು. ಥೆರಪಿಸ್ಟ್, 'ಇವತ್ತಿಗೆ ಸಾಕು ಅಜ್ಜ' ಎಂದರು.