ಕಡಲೆ: ಕಾಯಿ ಎಣಿಸಿದರಷ್ಟೇ ಇಳುವರಿ ತಿಳಿಯದು

ಹಿಂಗಾರು ಹಂಗಾಮಿನಲ್ಲಿ ಧಾರವಾಡ, ಗದಗ ಭಾಗದ ಎರೆಹೊಲಕ್ಕೆ ಇಳಿದ ರೈತ ಕಡಲೆ ಗಿಡದಲ್ಲಿ ಮೊದಲು ನೋಡುವುದು ಕಾಯಿಗಳನ್ನು. ತಳಿ ವಿಜ್ಞಾನಿಗಳ ಎಣಿಕೆಯೂ ಅಲ್ಲಿಂದಲೇ ಆರಂಭವಾಗುತ್ತದೆ, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಮೈತುಂಬ ಕಾಯಿ ಬಿಟ್ಟ ಒಂದು ಗಿಡದ ಬೀಜ ಮುಂದಿನ ವರ್ಷವೂ ಹಾಗೆಯೇ ಫಲ ಕೊಡುತ್ತದೆ ಎಂಬ ಖಾತರಿ ಇಲ್ಲ.

ಗಿಡದಲ್ಲಿರುವ ಕಾಯಿಗಳ ಸಂಖ್ಯೆ, ಕಾಯಿಯೊಳಗಿನ ಕಾಳು, ಕಾಳಿನ ತೂಕ ಈ ಮೂರೂ ಸೇರಿ ಇಳುವರಿಯನ್ನು ನಿರ್ಧರಿಸುತ್ತವೆ. ಇದರ ಹಿಂದೆ ಅನೇಕ ವಂಶವಾಹಿಗಳಿದ್ದು, ಮಣ್ಣಿನ ತೇವ, ಹವೆ, ರೋಗಗಳ ಪ್ರಭಾವವೂ ಇರುವುದರಿಂದ ಇಳುವರಿಯನ್ನಷ್ಟೇ ನೋಡಿ ಗಿಡ ಆಯ್ದರೆ ಮೋಸ ಹೋಗುವ ಸಂಭವವೇ ಹೆಚ್ಚು. ನೂರು ಕಾಳಿನ ತೂಕ ಹಾಗಲ್ಲ. ಅದು ಬಹುಮಟ್ಟಿಗೆ ಪೀಳಿಗೆಯಿಂದ ಪೀಳಿಗೆಗೆ ಸಾಗಿ ಬರುವ ಗುಣ.

ತೊಡಕಿರುವುದು ಇಲ್ಲಿಯೇ. ಕಾಯಿ ಹೆಚ್ಚಿದರೆ ಇಳುವರಿ ಹೆಚ್ಚುವುದು ಬಹುತೇಕ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಕಾಳು ದಪ್ಪವಾದಂತೆ ಕಾಯಿಗಳ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ದಪ್ಪ ಕಾಬೂಲಿ ಕಡಲೆಗೆ ಬೆಲೆಯಿದೆ ಎಂದು ಕಾಳಿನ ಗಾತ್ರದ ಬೆನ್ನು ಹತ್ತಿದರೆ ಇನ್ನೊಂದು ಕೈಯಲ್ಲಿದ್ದುದು ಜಾರುತ್ತದೆ.

ಎರಡು ಗುಣಗಳು ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಎತ್ತರದ ಗಿಡ ಹೆಚ್ಚು ಫಸಲು ಕೊಟ್ಟಿತು ಎಂದುಕೊಳ್ಳೋಣ. ಅದು ಎತ್ತರದ ಫಲವೋ ಅಥವಾ ಎತ್ತರದ ಜೊತೆಗೆ ಬಂದ ಹೆಚ್ಚು ಟೊಂಗೆ, ಹೆಚ್ಚು ಕಾಯಿಗಳ ಫಲವೋ? ಇದನ್ನು ಬಿಡಿಸಿ ನೋಡಲು ಅಮೆರಿಕದ ತಳಿ ವಿಜ್ಞಾನಿ ಸೀವಾಲ್ ರೈಟ್ 1921ರಲ್ಲಿ ವಿವರಿಸಿದ 'ಪಥ ವಿಶ್ಲೇಷಣೆ' ಎಂಬ ಲೆಕ್ಕಾಚಾರ ಇಂದಿಗೂ ಬಳಕೆಯಲ್ಲಿದೆ. ಪ್ರತಿ ಗುಣದ ನೇರ ಪರಿಣಾಮ ಎಷ್ಟು, ಬೇರೆ ಗುಣಗಳ ಮೂಲಕ ಬಂದ ಪರೋಕ್ಷ ಪರಿಣಾಮ ಎಷ್ಟು ಎಂಬುದನ್ನು ಅದು ಬೇರ್ಪಡಿಸುತ್ತದೆ. ಕಡಲೆಯಲ್ಲಿ ಗಿಡದ ಒಟ್ಟು ಒಣ ತೂಕ ಮತ್ತು ಆ ತೂಕದಲ್ಲಿ ಕಾಳಿನ ಪಾಲು ಪದೇ ಪದೇ ಮುಂದೆ ಬರುವ ಗುಣಗಳು.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಕಾಲದ ಲೆಕ್ಕವೂ ಸೇರುತ್ತದೆ. ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ತೇವದಲ್ಲೇ ಇಲ್ಲಿನ ಬೆಳೆ ಬರಬೇಕು. ತಡವಾಗಿ ಹೂ ಬಿಡುವ ಗಿಡಕ್ಕೆ ಎಷ್ಟೇ ಟೊಂಗೆ ಇರಲಿ, ಕಾಳು ತುಂಬುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ. 1999ರಲ್ಲಿ ಬಿಡುಗಡೆಯಾದ ಜೆಜಿ-11 ತಳಿ ದಕ್ಷಿಣದ ಹೊಲಗಳಲ್ಲಿ ನೆಲೆಯೂರಲು ಬೇಗ ಮಾಗುವ ಗುಣವೂ ಒಂದು ಕಾರಣ.

ಅದಕ್ಕೂ ಮುಂಚಿನಿಂದ ಇಲ್ಲಿ ಮನೆಮಾತಾಗಿದ್ದ ಅಣ್ಣಿಗೇರಿ-1 ತಳಿಯನ್ನು ಕಾಡಿದ್ದು ಸೊರಗು ರೋಗ. ಗಿಡವೇ ಒಣಗಿದ ಮೇಲೆ ಕಾಯಿಯ ಲೆಕ್ಕಕ್ಕೆ ಅರ್ಥವಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸಂಸ್ಥೆ ಅದೇ ತಳಿಗೆ ರೋಗನಿರೋಧಕ ಗುಣ ಸೇರಿಸಿ 'ಸೂಪರ್ ಅಣ್ಣಿಗೇರಿ-1' ರೂಪಿಸಿದವು.

ಈಗ ಮತ್ತೊಂದು ಗುಣ ಪಟ್ಟಿಗೆ ಬಂದಿದೆ. ಕೂಲಿಯಾಳುಗಳ ಕೊರತೆಯಿಂದ ಯಂತ್ರದ ಕೊಯ್ಲಿಗೆ ಒಗ್ಗುವ ನೆಟ್ಟನೆಯ ಗಿಡಕ್ಕೆ ಬೇಡಿಕೆಯಿದೆ. ಆಂಧ್ರದ ನಂದ್ಯಾಲದಲ್ಲಿ ಅಭಿವೃದ್ಧಿಪಡಿಸಿದ ಎನ್‌ಬಿಇಜಿ-47 ಅಂಥದ್ದೇ ತಳಿ. ಇಲ್ಲಿ ಅಳೆಯುವುದು ಗಿಡದ ಎತ್ತರವನ್ನಷ್ಟೇ ಅಲ್ಲ, ಮೊದಲ ಕಾಯಿ ನೆಲದಿಂದ ಎಷ್ಟು ಮೇಲಿದೆ ಎಂಬುದನ್ನೂ. ನೆಲಕ್ಕೆ ಹತ್ತಿರ ಕಚ್ಚಿದ ಕಾಯಿಗಳು ಯಂತ್ರದ ಬ್ಲೇಡಿಗೆ ಸಿಗದೆ ಹೊಲದಲ್ಲೇ ಉಳಿಯುತ್ತವೆ.