ಹೊರೆಯನ್ನು ಉಣ್ಣುತ್ತ ಹಾರುವ ಬಂಡಿ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಬತ್ತದ ಚೀಲಗಳನ್ನು ಹೇರಿಕೊಂಡು ಹೋಗುವ ಎತ್ತಿನ ಬಂಡಿಗಳು ಈಗ ವಿರಳ. ಆ ಕೆಲಸವನ್ನು ಲಾರಿ, ಟ್ರ್ಯಾಕ್ಟರುಗಳು ವಹಿಸಿಕೊಂಡಿವೆ. ಆದರೆ ಬಂಡಿ ಹೂಡಿದ ಹಿರಿಯರು ಮುಂಭಾರ, ಹಿಂಭಾರ ಎಂಬ ಮಾತುಗಳ ಅರ್ಥವನ್ನು ಮರೆತಿರಲಾರರು. ಚೀಲಗಳು ಅಚ್ಚಿನ ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ; ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಮಸ್ಕಿಯಲ್ಲಿ ಮುಂದಿನ ನಾಲ್ಕು ಚೀಲಗಳನ್ನಷ್ಟೇ ಇಳಿಸಿದರೆ, ಹೊರಡುವಾಗ ಸರಿಯಾಗಿದ್ದ ಬಂಡಿಯೇ ಹಿಂಭಾರವಾಗುತ್ತದೆ.

ವಿಮಾನಕ್ಕೆ ಒದಗುವ ತೊಡಕೂ ಇದೇ. ವ್ಯತ್ಯಾಸವೆಂದರೆ, ಅದು ದಾರಿಯುದ್ದಕ್ಕೂ ಕ್ಷಣಕ್ಷಣವೂ ಚೀಲ ಇಳಿಸುತ್ತಲೇ ಇರುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777-200 ಎಲ್‌ಆರ್ ವಿಮಾನವೊಂದನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲರ ನೇತೃತ್ವದಲ್ಲಿ ಮಹಿಳಾ ಚಾಲಕರೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನ ಹಾದಿಯಲ್ಲಿ ಬೆಂಗಳೂರಿಗೆ ತಂದರು. ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳ ಪಯಣ! ಈ ಜಾತಿಯ ವಿಮಾನವು ತುಂಬಿಕೊಳ್ಳಬಲ್ಲ ಇಂಧನ 1,81,000 ಲೀಟರಿಗೂ ಮಿಗಿಲು. ಲೀಟರಿಗೆ 800 ಗ್ರಾಂ ಹಿಡಿದರೆ 145 ಟನ್ನಾಯಿತು. ನೆಲ ಬಿಡುವಾಗ ಇರಬಹುದಾದ ಪರಮಾವಧಿ ತೂಕ ಸುಮಾರು 347 ಟನ್. ನೆಲಕ್ಕಿಳಿಯುವಾಗ ಇರಬಹುದಾದದ್ದು 223 ಟನ್ ಮಾತ್ರ. ಪೂರ್ಣಭಾರದಿಂದ ಹೊರಟರೆ ನಡುವಣ 124 ಟನ್ನುಗಳು ದಾರಿಯಲ್ಲಿ ಹೊಗೆಯಾಗಿ ಹೋಗಬೇಕು. ಹೊರಟ ಅರೆಗಳಿಗೆಯಲ್ಲೇ ಹಿಂತಿರುಗಬೇಕಾದ ಪ್ರಸಂಗ ಬಂದರೆ? ಆಗ ಆಕಾಶದಲ್ಲೇ ಎಣ್ಣೆ ಚೆಲ್ಲಿ ಹಗುರವಾಗುವುದುಂಟು. ಅದಕ್ಕೂ ಕಾಲವಿಲ್ಲದಿದ್ದರೆ ಭಾರ ಹೊತ್ತೇ ಇಳಿದು, ಬಳಿಕ ಗಾಲಿ, ಕಾಲುಗಳು ನೊಂದಿವೆಯೇ ಎಂದು ಪರೀಕ್ಷಿಸಬೇಕು.

ಯಾವ ತೊಟ್ಟಿಯ ಎಣ್ಣೆಯನ್ನು ಮೊದಲು ಉರಿಸಬೇಕೆಂಬುದಕ್ಕೂ ಕಟ್ಟಳೆಯಿದೆ. ನಡುವಿನ ತೊಟ್ಟಿ ಮೊದಲು, ರೆಕ್ಕೆಗಳವು ಆಮೇಲೆ. ಗಾಳಿಯು ರೆಕ್ಕೆಗಳನ್ನು ಮೇಲಕ್ಕೆ ಬಾಗಿಸಲು ಹವಣಿಸುತ್ತಿರುವಾಗ ಅವುಗಳೊಳಗಿನ ಎಣ್ಣೆಯ ಭಾರವೇ ಅವನ್ನು ಕೆಳಕ್ಕೆ ಹಿಡಿದು, ಬುಡದ ಮೇಲಿನ ಒತ್ತಡವನ್ನು ತಗ್ಗಿಸುತ್ತದೆ. ಹೊರೆಯೂ ಒಮ್ಮೊಮ್ಮೆ ಆಸರೆಯೇ! ರೆಕ್ಕೆಗಳು ಹಿಂದಕ್ಕೆ ವಾಲಿರುವುದರಿಂದ ತುದಿಯ ಎಣ್ಣೆ ಬುಡದ ಎಣ್ಣೆಗಿಂತ ಹಿಂದಿರುತ್ತದೆ. ತೊಟ್ಟಿಗಳು ಬರಿದಾದಂತೆಲ್ಲ ಗುರುತ್ವಕೇಂದ್ರ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಬಾಲದ ಅಡ್ಡರೆಕ್ಕೆಯನ್ನು ಕೊಂಚ ಹೊರಳಿಸಿ ಅದನ್ನು ಸರಿದೂಗಿಸುತ್ತಾರೆ. ಆದರೆ ಕೇಂದ್ರವು ಮೇರೆ ಮೀರಿ ಹಿಂದಾದರೆ ಮೂಗು ಮೇಲೇಳುತ್ತದೆ. ತಗ್ಗಿಸಲು ಬಾಲದ ಶಕ್ತಿ ಸಾಲದೆ, ವೇಗ ಕುಂದಿ, ವಿಮಾನ ಕುಸಿಯುತ್ತದೆ. ಹಿಂಭಾರವಾದರೆ ಎತ್ತುಗಳು ನಿಂತುಬಿಡುತ್ತವೆ. ಆಕಾಶದಲ್ಲಿ ನಿಲ್ಲುವ ಸೌಕರ್ಯವಿಲ್ಲ. ಆದುದರಿಂದಲೇ ತೊಟ್ಟಿ ತುಂಬಿದ್ದಾಗಿನ ತೂಗಿನೊಡನೆ, ಹನಿ ಎಣ್ಣೆಯಿಲ್ಲದಾಗಿನ ತೂಗನ್ನೂ ಹೊರಡುವ ಮೊದಲೇ ಲೆಕ್ಕ ಹಾಕಿಡುವುದು.

2003ರಲ್ಲಿ ಹಾರಾಟ ನಿಲ್ಲಿಸಿದ ಕಾಂಕಾರ್ಡ್ ಈ ತೊಡಕನ್ನೇ ಉಪಾಯವಾಗಿಸಿಕೊಂಡಿತ್ತು. ಶಬ್ದದ ವೇಗವನ್ನು ಮೀರುವಾಗ ಅದರ ರೆಕ್ಕೆಗಳ ಎತ್ತುಬಲ ಹಿಂದಕ್ಕೆ ಸರಿಯುತ್ತಿತ್ತು. ಒಡನೆಯೇ ಮುಂದಿನ ಎಣ್ಣೆಯನ್ನು ಬಾಲದ ತೊಟ್ಟಿಗೆ ಹಾಯಿಸುತ್ತಿದ್ದರು. ವೇಗ ತಗ್ಗಿದಾಗ ಅದೇ ಎಣ್ಣೆ ಮತ್ತೆ ಮುಂದಕ್ಕೆ. ಬಂಡಿ ಹಿಂಭಾರವಾದಾಗ ಹೊಡೆಯುವವನು ತಾನೇ ಮುಂದೆ ಸರಿದು ಮೂಕಿಯ ಮೇಲೆ ಕೂರುತ್ತಿದ್ದುದೂ ಇಂಥದೇ ಲೆಕ್ಕದಿಂದ.